ಪಟ್ಟಿ ಬರೋತನಕ ಮಿಕ್ಸಿ ಮುಟ್ಟಂಗಿಲ್ಲ

ಹಿತ್ತಲ ಬಾಗಿಲ ಪಕ್ಕದ ಒಳಕಲ್ಲು ನಿವೃತ್ತಿಯಾಗಿ ಬಹಳ ವರ್ಷವಾಗಿತ್ತು. ಕುಳಿಯಲ್ಲಿ ಮಳೆನೀರು ತುಂಬಿಕೊಂಡು, ಗುಬ್ಬಿಗಳಿಗೆ ಸ್ನಾನಕ್ಕೆ ಜಾಗ ಕೊಟ್ಟು, ಗುಂಡನ್ನು ಪಕ್ಕದಲ್ಲಿ ಮಲಗಿಸಿಕೊಂಡು ನೆಮ್ಮದಿಯಾಗಿತ್ತು. ಅದನ್ನು ಮತ್ತೆ ಕೆಲಸಕ್ಕೆ ಎಳೆದದ್ದು ಭಾರತೀಯ ಸೇನೆ. ಹಾಗಂತ ಸೇನೆಗೆ ಇವತ್ತಿಗೂ ಗೊತ್ತಿಲ್ಲ.

ಕಲ್ಲಿನ ಜೊತೆ ಎಳೆಸಿಕೊಂಡವಳು ನೀಲಾಂಬಿಕೆ. ಗೊರೂರಿನ ನೀರಾವರಿ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು. ಅಪ್ಪ ದೊಡ್ಡಯ್ಯ ಅಣೆಕಟ್ಟೆಯ ಗೇಟು ನೋಡಿಕೊಳ್ಳುತ್ತಿದ್ದವರು. ಹಾಸನದಲ್ಲಿ ಬಿಕಾಂ ಮುಗಿಸಿ, ಚನ್ನರಾಯಪಟ್ಟಣದಲ್ಲಿ ಬಣ್ಣದಂಗಡಿ ಇಟ್ಟಿದ್ದ ನಟರಾಜನನ್ನು ಮದುವೆಯಾಗಿ ಬಂದಳು. ಒಬ್ಬಳೇ ಮಗಳು ಮಾನ್ಯ. ಮಾನ್ಯ ಹೈಸ್ಕೂಲಿನಲ್ಲಿದ್ದಾಗಲೇ ಸೇನೆ ಸೇರುತ್ತೇನೆ ಅಂದಳು. ಪುಣೆ ಹತ್ತಿರದ ಸೇನಾ ಅಕಾಡೆಮಿಗೆ, ಅಂದರೆ ಎಲ್ಲರೂ ಎನ್‌ಡಿಎ ಅನ್ನುವುದಕ್ಕೆ, ಈಗ ಹುಡುಗಿಯರನ್ನೂ ತಗೊಳ್ಳುತ್ತಾರೆ ಎಂದು ಗೊತ್ತಾದ ದಿನದಿಂದ ಅವಳ ಬಾಯಲ್ಲಿ ಬೇರೆ ಮಾತಿಲ್ಲ. ಮಗಳು ಬೆಳಗಿನ ಜಾವ ಕೆರೆ ಏರಿಯ ಮೇಲೆ ಓಡುತ್ತಿದ್ದರೆ ಹಿಂದಿನಿಂದ ಸ್ಕೂಟರ್‌ನಲ್ಲಿ ಹೆಡ್‌ಲೈಟ್ ಹಿಡಿದು ಹೋಗುತ್ತಿದ್ದವಳು ನೀಲಾಂಬಿಕೆ. ನಾಯಿ ಬಂದರೆ ಹಾರನ್, ಪಡ್ಡೆಗಳು ಬಂದರೆ ಇನ್ನೂ ಜೋರು ಹಾರನ್. ಮನೆಗೆ ಬಂದು ಆಮೇಲೆ ಒಲೆ ಹಚ್ಚುತ್ತಿದ್ದಳು.

ಲಿಖಿತ ಪರೀಕ್ಷೆ ಪಾಸಾಯಿತು. ಆಯ್ಕೆ ಮಂಡಳಿಯ ಸಂದರ್ಶನಕ್ಕೆ ಮಾನ್ಯ ಭೋಪಾಲಿಗೆ ಹೋದಳು. ಫಲಿತಾಂಶ ಬರುವ ಹಿಂದಿನ ದಿನ ನಟರಾಜ, ಮಗಳು ವಾಪಸು ಬಂದಾಗ ಶಕ್ತಿಗೆ ಬೇಕು ಅಂತ ಹುರಿಗಡಲೆ, ಬಾದಾಮಿಯ ಜೊತೆಗೆ ಒಂದು ಇಡೀ ಬೆಲ್ಲದಚ್ಚನ್ನು ಮಿಕ್ಸಿಗೆ ಹಾಕಿ ಗುಂಡಿ ತಿರುಗಿಸಿದ. ಮಿಕ್ಸಿ ಒಂದು ಸಲ ಕೂಗಿತು, ಹೊಗೆ ಬಿಟ್ಟಿತು, ಸತ್ತಿತು. ಮಾರನೇ ದಿನ ಚಟ್ನಿಗೆ ಬೇರೆ ದಾರಿಯಿಲ್ಲದೆ ನೀಲಾಂಬಿಕೆ ಗುಬ್ಬಿಗಳನ್ನು ಓಡಿಸಿ ಒಳಕಲ್ಲು ತೊಳೆದಳು.

ಆ ಹೊತ್ತಿಗೆ ಫೋನ್ ಬಂತು.

"ಅಪ್ಪಾ, ಪಾಸಾದೆ!" ಅಂತ ಮಾನ್ಯ ಭೋಪಾಲಿನಿಂದ ಕಿರುಚಿದಳು.

ನಟರಾಜ ಊಟದ ಮಧ್ಯೆ ಎಡಗೈ ಎತ್ತಿ ಟ್ರಾಫಿಕ್ ಪೊಲೀಸಿನ ಹಾಗೆ ನಿಂತ. "ಯಾರೂ ಕದಲ್ಬೇಡಿ!"

ಯಾರೂ ಕದಲಲಿಲ್ಲ. ನಟರಾಜ ಪಿಸ್ತಾ ಹಸಿರು ಶರ್ಟಿನಲ್ಲಿದ್ದ. ಅವನ ತಾಯಿ ದಾಕ್ಷಾಯಣಮ್ಮ ನಡುಮನೆಯಲ್ಲಿ ಬಲಗಾಲು ಚಾಚಿ ಅವರೆಕಾಳು ಹಿದುಕುತ್ತಿದ್ದರು. ನೀಲಾಂಬಿಕೆ ಹಿತ್ತಲಲ್ಲಿ ಗುಂಡು ಹಿಡಿದಿದ್ದಳು.

"ಗಳಿಗೆ ಕೂಡಿಬಂದೈತೆ," ಅಂದ ನಟರಾಜ. "ಇನ್ನು ಮೆಡಿಕಲ್ ಐತೆ, ಆಮೇಲೆ ಕೊನೇ ಪಟ್ಟಿ ಬರ್ಬೇಕು. ತಿಂಗಳುಗಟ್ಟಲೆ ಕಾಯೋದೈತಂತೆ. ಅಲ್ಲೀತನಕ ಮನೆ ಇವತ್ತು ಎಂಗಿತ್ತೋ ಅಂಗೇ ಇರ್ಬೇಕು."

"ಮಿಕ್ಸಿ ರಿಪೇರಿಗೆ ಕೊಡ್ತೀನಿ ಅಂದಿದ್ರಲ್ರೀ?"

"ಮಿಕ್ಸಿನಾ? ಪಟ್ಟಿ ಬರೋತನಕ ಮಿಕ್ಸಿ ಮುಟ್ಟಂಗಿಲ್ಲ!"

"ಹಂಗಾದ್ರೆ ರುಬ್ಬೋರ್ಯಾರು?"

"ಅವತ್ತು ರುಬ್ತಿದ್ದೋರ್ಯಾರು?"

"ಅವತ್ತು ಅಂದ್ರೆ ಇವತ್ತೇ ಅಲ್ವೇನ್ರೀ?"

"ನಾನೇ ಬೇಕಾರೆ ರುಬ್ತಿದ್ದೆ ಕಣೆ. ಆದ್ರೇನ್ ಮಾಡದು, ನಾನು ಊಟಕ್ಕೆ ಕೂತಿದ್ದೆ. ನಂದು ಆ ಡ್ಯೂಟಿ."

ನೀಲಾಂಬಿಕೆ ಅತ್ತೆಯ ಮುಖ ನೋಡಿದಳು. ದಾಕ್ಷಾಯಣಮ್ಮ ದಂಡಿಗನಹಳ್ಳಿಯ ಗಣಿತದ ಮೇಷ್ಟರ ಮಗಳು. ಯಾವ ಮಾತನ್ನಾದರೂ ಎರಡೂ ಕಡೆ ತೂಗಿ ನೋಡುವವರು. ಅವರು ಒಂದು ಕಾಳು ಹಿದುಕಿ, "ನಿಯಮ ಅಂದ್ಮೇಲೆ ಎಲ್ರಿಗೂ ನಿಯಮವೇ," ಅಂದರು.

ನಿಯಮ ಎಲ್ಲರಿಗೂ ಒಂದೇ ಆಗಿತ್ತು, ಆದರೆ ಕೆಲವರಿಗೆ ಅದು ಬಗ್ಗುತ್ತಿತ್ತು. ನಟರಾಜನ ಪಿಸ್ತಾ ಶರ್ಟನ್ನು ದಿನಾ ಸಂಜೆ ನೀಲಾಂಬಿಕೆ ಒಗೆದು, ದಿನಾ ಬೆಳಗ್ಗೆ ಇಸ್ತ್ರಿ ಮಾಡಬೇಕಾಯಿತು. ಎರಡನೇ ವಾರಕ್ಕೆ ಅದರ ಕಂಕುಳು ಹರಿಯಿತು. ಆಮೇಲೆ ಅದನ್ನು ಮಡಿಸಿ ಕವರಿಗೆ ಹಾಕಿ ಅಂಗಡಿಗೆ ಒಯ್ದರೂ ಸಾಕು, ತೊಟ್ಟ ಹಾಗೇ ಲೆಕ್ಕ, ಎಂದು ತೀರ್ಮಾನವಾಯಿತು. ಅವರೆ ಕಾಲ ಮುಗಿಯುತ್ತಲೇ ದಾಕ್ಷಾಯಣಮ್ಮನವರಿಗೆ ಬಟಾಣಿ ನಡೆಯುತ್ತದೆ ಎಂದಾಯಿತು. ಬಟಾಣಿಯೂ ಸಿಗದ ದಿನ ಸುಮ್ಮನೆ ಬಲಗಾಲು ಚಾಚಿ ಕೂತರೂ ಸಾಕು. ಒಳಕಲ್ಲಿಗೆ ಮಾತ್ರ ಬದಲಿ ಸಿಗಲಿಲ್ಲ. ಚಟ್ನಿ, ಬಸ್ಸಾರಿನ ಖಾರ, ದೋಸೆ ಹಿಟ್ಟು ಎಲ್ಲ ಕಲ್ಲಿನಲ್ಲೇ. ಕೆರೆ ಏರಿಯ ಮೇಲೆ ಅಷ್ಟು ಕಾಲ ಸ್ಕೂಟರ್ ಓಡಿಸಿದ್ದು ಯಾರ ಶಕುನದ ಲೆಕ್ಕಕ್ಕೂ ಬರಲಿಲ್ಲ.

ನೀಲಾಂಬಿಕೆಯನ್ನು ಕೊರೆದದ್ದು ಬರೀ ರಟ್ಟೆನೋವಲ್ಲ. ಮಗಳ ಹೆಸರು ಪಟ್ಟಿಯಲ್ಲಿ ಇಲ್ಲದೆ ಹೋದರೆ ಯಾರೂ ಅವರೆಕಾಯಿಯನ್ನು ದೂರುವುದಿಲ್ಲ, ಶರ್ಟನ್ನೂ ದೂರುವುದಿಲ್ಲ. 'ಆಗಲೇ ಮಿಕ್ಸಿ ರಿಪೇರಿ ಅಂತ ಕುಣಿದಳಲ್ಲ' ಅನ್ನುವ ಒಂದು ಮಾತು ಜನ್ಮಪೂರ್ತಿ ಅವಳ ಬೆನ್ನ ಹಿಂದೆ ಬರುತ್ತದೆ. ಕಲ್ಲನ್ನು ಬಿಡಬೇಕು, ಆದರೆ ಬಿಟ್ಟವಳು ತಾನಾಗಬಾರದು. ಇದಕ್ಕೆ ದಾರಿಯೇ ಕಾಣಲಿಲ್ಲ.

ಒಂದು ದಿನ ತಡೆಯಲಾಗದೆ ತೆಂಗಿನಕಾಯಿ ತುರಿಯನ್ನು ಹೂವಿನ ಬುಟ್ಟಿಯಲ್ಲಿ ಮುಚ್ಚಿಕೊಂಡು ಪಕ್ಕದ ಮನೆಗೆ ಹೋದಳು. ಪಕ್ಕದ ಮನೆ ಬ್ರಾಹ್ಮಿಯದು. ಜೈನರು, ಪಾತ್ರೆ ಅಂಗಡಿ. ಬ್ರಾಹ್ಮಿಯ ಮಗ ಅತಿಶಯ್ ಮುಂದಿನ ಸಲ ಇದೇ ಪರೀಕ್ಷೆಗೆ ಕೂರುವವನಿದ್ದ.

"ಬನ್ನಿ ನೀಲಕ್ಕ, ಮಿಕ್ಸಿ ನಿಮ್ದೇ," ಅಂದಳು ಬ್ರಾಹ್ಮಿ. "ನಮ್ಮನೇಲೂ ಶುರುವಾಗಿದೆ. ಮಗ ಪಾಸಾಗ್ಲಿ ಅಂತ ನಾನು ಕಾಫಿ ಬಿಟ್ಟಿದ್ದೀನಿ, ತಲೆ ಸಿಡೀತಿದೆ."

"ನಿಮ್ಮೆಜಮಾನ್ರು?"

"ಅವ್ರು ಆಲೂಗಡ್ಡೆ ಬಿಟ್ಟಿದ್ದಾರೆ."

"ನಿಮ್ಮಲ್ಲಿ ಆಲೂಗಡ್ಡೆ ತಿನ್ನೋದೇ ಇಲ್ವಲ್ಲ ಬ್ರಾಹ್ಮಿ?"

"ಅದಕ್ಕೇ ಬಿಟ್ಟಿರೋದು."

ಇಬ್ಬರೂ ಮಿಕ್ಸಿಯ ಸದ್ದಿನಲ್ಲಿ ಮನಸಾರೆ ನಕ್ಕರು.

ಅದೇ ದಿನ ಭೋಪಾಲಿನಿಂದ ಮೆಡಿಕಲ್ ಸುದ್ದಿ ಬಂತು. ಸದ್ಯಕ್ಕೆ ಅನರ್ಹ. ಕಾರಣ, ಬಲಕಿವಿಯಲ್ಲಿ ಗುಗ್ಗೆ. ತೆಗೆಸಿಕೊಂಡು ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿ ಮತ್ತೊಮ್ಮೆ ತೋರಿಸಬೇಕು.

ನಟರಾಜ ದೋಸೆಯ ತುಂಡನ್ನು ಚಟ್ನಿಯಲ್ಲಿ ಅದ್ದಿದವನು ಹಾಗೇ ನಿಂತ. ಬೆರಳಿನಲ್ಲಿ ಚಟ್ನಿ ತೆಗೆದು, ಬಣ್ಣ ಪರೀಕ್ಷೆ ಮಾಡುವವನ ಹಾಗೆ ಹೆಬ್ಬೆರಳಿಗೆ ಉಜ್ಜಿದ.

"ನುಣ್ಣಗೈತೆ."

"ಏನು?"

"ಚಟ್ನಿ. ಪ್ರೈಮರ್ ಇದ್ದಂಗೈತೆ. ಕಲ್ಲಲ್ಲಿ ರುಬ್ಬಿದ್ದು ತರಿತರಿ ಇರ್ತೈತೆ. ನಿಜ ಹೇಳು, ಎಲ್ಲಿ ರುಬ್ಬಿದ್ದು?"

"ಅಲ್ರೀ, ಅವ್ಳ ಕಿವಿ ಗುಗ್ಗೆಗೂ ನನ್ನ ಚಟ್ನಿಗೂ ಏನ್ರೀ ಸಂಬಂಧ?"

"ಅದು ಗೊತ್ತಿದ್ದಿದ್ರೆ ನಾನ್ಯಾಕೆ ಬಣ್ಣ ಮಾರ್ತಿದ್ದೆ?"

ಮಾನ್ಯ ಊರಿಗೆ ಬಂದಳು. ಹಾಸನದ ಕಿವಿ ಡಾಕ್ಟರು ಎರಡು ನಿಮಿಷದಲ್ಲಿ ಗುಗ್ಗೆ ತೆಗೆದು, "ಇಷ್ಟಕ್ಕಾ?" ಅಂದರು. ಅವಳು ಮನೆಯಲ್ಲಿ ನಡೆಯುತ್ತಿರುವುದನ್ನು ನೋಡಿ ಮೊದಲು ನಕ್ಕಳು, ಆಮೇಲೆ ರೇಗಿದಳು.

"ಅಪ್ಪಾ, ನಾನು ಓದಿ, ಓಡಿ, ಹಗ್ಗ ಹತ್ತಿ ಪಾಸಾಗಿದ್ದು. ಚಟ್ನಿಯಿಂದಲ್ಲ. ಸರಿಯಮ್ಮ, ನಾನು ರುಬ್ತೀನಿ."

"ನೀನು ಅವತ್ತು ಭೋಪಾಲಲ್ಲಿದ್ದೆ," ಅಂದ ನಟರಾಜ. "ರುಬ್ಬಂಗಿಲ್ಲ."

ಮಾನ್ಯ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಬಟಾಣಿ ಬಿಡಿಸುತ್ತಾ, "ಲೆಕ್ಕ ಅಂಗೇ ಬತ್ತೈತೆ ಕಣವ್ವ," ಅಂದರು.

ಬೆಂಗಳೂರಿನ ಮೆಡಿಕಲ್‌ಗೆ ಮಾನ್ಯ ಒಬ್ಬಳೇ ಬಸ್ ಹತ್ತಿದಳು. ಅಮ್ಮನನ್ನು ಕರೆದುಕೊಂಡು ಹೋಗೋಣವೆಂದರೆ ಕಲ್ಲಿನ ಡ್ಯೂಟಿ. ಅವಳು ಹೋದ ಮಾರನೇ ಬೆಳಗ್ಗೆ ಅದೇ ಡ್ಯೂಟಿಯಲ್ಲಿ ನೀಲಾಂಬಿಕೆ ಉದ್ದಿನಬೇಳೆ ರುಬ್ಬಿ ಏಳಲು ಹೋದಳು. ಸೊಂಟ ಅರ್ಧಕ್ಕೆ ಎದ್ದು ಅಲ್ಲೇ ಹಿಡಿದುಕೊಂಡಿತು. ಪ್ರಶ್ನಾರ್ಥಕ ಚಿಹ್ನೆಯ ಹಾಗೆ ನಿಂತವಳನ್ನು ನಟರಾಜನೂ ದಾಕ್ಷಾಯಣಮ್ಮನೂ ಎರಡು ಕಡೆ ಹಿಡಿದು ನಡುಮನೆಯ ಮಂಚದ ಮೇಲೆ ಮಲಗಿಸಿದರು.

"ತಿಂಡಿ?" ಅಂದ ನಟರಾಜ, ಮಲಗಿದವಳ ಮುಖದ ಮೇಲೆ ಬಗ್ಗಿ.

"ಒಲೆ ಆ ಕಡೆ ಐತೆ," ಅಂದಳು ನೀಲಾಂಬಿಕೆ.

ನಟರಾಜ ಹೆಗಲಿಗೆ ಟವೆಲು ಹಾಕಿಕೊಂಡು ಅಡುಗೆಮನೆಗೆ ಹೋದ. "ರವೆ ಡಬ್ಬ ಎಲ್ಲೈತೆ?" ಸಿಕ್ಕಿತು. "ಸಾಸಿವೆ?" ಸಿಕ್ಕಿತು. "ಇದು ಸಕ್ಕರೆನಾ ಉಪ್ಪಾ?" "ನೆಕ್ಕಿ ನೋಡ್ಲಾ," ಅಂದರು ತಾಯಿ. ಕೊನೆಗೆ ಉಪ್ಪಿಟ್ಟು ಅನ್ನಬಹುದಾದ ಒಂದು ವಸ್ತು ತಯಾರಾಯಿತು. ತಳ ಹಿಡಿದಿತ್ತು, ಉಪ್ಪು ಸಾಲದು, ಬಾಣಲೆಯಿಂದ ಬಿಡಿಸಲು ಬಣ್ಣ ಕೆರೆಯುವ ಪಟ್ಟಿ ಬೇಕಿತ್ತು. ಅದರ ಜೊತೆಗೆ ಕಾಫಿ ಮಾಡಿ ಮಂಚಕ್ಕೆ ತಂದುಕೊಟ್ಟು, ಮತ್ತೆ ಹೋಗಿ ಬಾಣಲೆ ಉಜ್ಜುತ್ತಾ ನಿಂತ. ನೀಲಾಂಬಿಕೆ ದಿಂಬಿಗೊರಗಿ ಮೊದಲ ಗುಟುಕು ಕುಡಿದಳು. ಮದುವೆಯಾದ ಮೇಲೆ ಬಿಸಿ ಕಾಫಿಯನ್ನು ಬಿಸಿಯಾಗಿರುವಾಗಲೇ ಕುಡಿದದ್ದು ಬಹುಶಃ ಅದೇ ಮೊದಲು.

ಫೋನ್ ಬಂತು.

"ಅಮ್ಮಾ, ಫಿಟ್! ನಾನು ಫಿಟ್ ಅಂತೆ!"

ನಟರಾಜ ಸಾಬೂನಿನ ಕೈಯಲ್ಲೇ ಓಡಿ ಬಂದ. ಆದರೆ ಅವನು ಬಾಯಿ ತೆರೆಯುವ ಮೊದಲು ದಾಕ್ಷಾಯಣಮ್ಮ ಕೈ ಎತ್ತಿದರು.

"ಯಾರೂ ಕದಲ್ಬೇಡಿ!"

ಮೂವರೂ ಇದ್ದಲ್ಲೇ ಇದ್ದರು. ನಟರಾಜನ ಮೊಣಕೈಯಿಂದ ನೊರೆ ತೊಟ್ಟಿಕ್ಕುತ್ತಿತ್ತು.

"ನೀಲಾ ಮಂಚದ ಮೇಲೆ," ಅಂದರು ದಾಕ್ಷಾಯಣಮ್ಮ, ಹಾಜರಿ ಕರೆಯುವ ಮೇಷ್ಟರ ಹಾಗೆ. "ಕೈಯಲ್ಲಿ ಕಾಫಿ. ನಟರಾಜ ಒಲೆ ಮುಂದೆ. ಪಾತ್ರೆ ತೊಳೆದದ್ದೂ ಅವನೇ. ಸರಿ, ಇನ್ನು ಪಟ್ಟಿ ಬರೋತನಕ ಹಿಂಗೇ."

"ಅವ್ವ, ಇದು ಲೆಕ್ಕಕ್ಕಿಲ್ಲ! ಇವ್ಳಿಗೆ ಸೊಂಟ ಹಿಡ್ಕಂಡಿದ್ದಕ್ಕೆ ಆಗಿದ್ದು. ಆಕಸ್ಮಿಕ!"

"ನಿನ್ನ ಪಿಸ್ತಾ ಶರ್ಟು ಏನ್ಲಾ ಶಾಸ್ತ್ರ ಕೇಳಿ ಹಾಕ್ಕಂಡಿದ್ದಾ? ಕಲ್ಲಲ್ಲಿ ರುಬ್ಬಿದಾಗ ಪೂರ್ತಿ ಫಲ ಸಿಗ್ನಿಲ್ಲ, ಗುಗ್ಗೆ ಬಂತು. ನೀನು ಉಪ್ಪಿಟ್ಟು ಮಾಡ್ದೆ, ಫಿಟ್ ಆದ್ಲು. ಯಾವುದು ಮೇಲು? ನೀನೇ ಹೇಳ್ಲಾ."

ನಟರಾಜ ಹೆಂಡತಿಯ ಕಡೆ ನೋಡಿದ. ಅವಳು ಬಹಳ ದುಃಖದ ಮುಖ ಮಾಡಿದಳು.

"ನಾನೇ ಬೇಕಾರೆ ಎದ್ದು ಮಾಡ್ತಿದ್ದೆ ಕಣ್ರೀ. ಏನ್ ಮಾಡದು, ನಾನು ಮಲಗಿದ್ದೆ. ನಂದು ಆ ಡ್ಯೂಟಿ."

ಅವತ್ತು ಮಧ್ಯಾಹ್ನ ಬಸ್ಸಾರಿನ ಖಾರ ರುಬ್ಬಲು ನಟರಾಜ ಒಳಕಲ್ಲಿನ ಮುಂದೆ ಕೂತ. ಗುಂಡು ಒಂದು ಕಡೆ ಹೋಯಿತು, ಖಾರ ಇನ್ನೊಂದು ಕಡೆ ಹೋಯಿತು, ಮೆಣಸಿನಕಾಯಿ ಮಾತ್ರ ನೇರ ಕಣ್ಣಿಗೆ ಬಂತು. ಮಾರನೇ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಮಿಕ್ಸಿ ಸ್ಕೂಟರಿನ ಮುಂದೆ ಕೂತು ರಿಪೇರಿಗೆ ಹೊರಟಿತು. ಸಂಜೆಗೆ ಹೊಸ ಮೋಟರಿನೊಂದಿಗೆ ವಾಪಸು ಬಂತು.

"ಏನ್ಲಾ," ಅಂದರು ದಾಕ್ಷಾಯಣಮ್ಮ, "ಇಷ್ಟು ದಿನ ಮಿಕ್ಸಿಗಿದ್ದ ದೋಷ ರಾತ್ರೋರಾತ್ರಿ ಬಿಟ್ಟೋಯ್ತಾ?"

"ಅವ್ವ, ನಿನ್ನೆ ಫೋನ್ ಬಂದಾಗ ಯಾರೂ ಕಲ್ಲಲ್ಲಿ ರುಬ್ತಿರ್ಲಿಲ್ಲ. ಅದಕ್ಕೇ ಕಲ್ಲು ಈಗ ನಿಯಮದಲ್ಲಿಲ್ಲ."

"ಅದೂ ಸರಿಯೇ," ಅಂದರು ಅವರು. ಸೊಸೆಯ ಕಡೆ ನೋಡಲಿಲ್ಲ. ಅವರೂ ಆ ಕಲ್ಲಿನ ಮುಂದೆ ಅರ್ಧ ಆಯುಷ್ಯ ಕೂತವರು.

ಕಾಯುವುದು ಮುಂದುವರಿಯಿತು. ಮಾನ್ಯ ಬೆಳಗ್ಗೆ ಓಡಿದಳು, ನೀಲಾಂಬಿಕೆ ಸೊಂಟ ಸರಿಹೋದ ಮೇಲೆ ಸ್ಕೂಟರ್ ಹಿಡಿದಳು. ಬಂದು ಮಂಚದ ಮೇಲೆ ತನ್ನ ಪೋಸ್ಟಿಗೆ ಹಾಜರಾಗಿ ಪೇಪರ್ ಬಿಡಿಸಿದಳು. ಮೊದಮೊದಲು ಅಡುಗೆಮನೆಯಲ್ಲಿ ಏನೋ ಸೀದ ವಾಸನೆ ಬಂದರೆ ಕಾಲು ತಾನಾಗಿ ಕೆಳಗಿಳಿಯುತ್ತಿತ್ತು. ಅವಳು ಅದನ್ನು ಎಳೆದು ಮೇಲಿಟ್ಟುಕೊಳ್ಳುತ್ತಿದ್ದಳು. ನಟರಾಜ ದಿನಕ್ಕೆ ಹತ್ತು ಸಲ ಫೋನಿನಲ್ಲಿ ವೆಬ್‌ಸೈಟ್ ತೆರೆದು ನೋಡುತ್ತಿದ್ದ. ಮಗಳ ಚಿಂತೆಯೋ ತನ್ನ ಬಿಡುಗಡೆಯ ಚಿಂತೆಯೋ ಹೇಳುವುದು ಕಷ್ಟ. ಈ ನಡುವೆ ಅವನ ಉಪ್ಪಿಟ್ಟು ಉದುರುದುರಾಯಿತು, ಮುದ್ದೆಗೆ ಗಂಟು ಹೋಯಿತು. ಚಟ್ನಿಗೆ ಉಪ್ಪು ಮಾತ್ರ ಕೈ ಹತ್ತಲಿಲ್ಲ.

ಪಟ್ಟಿ ಬಂದದ್ದು ಮಾವಿನಕಾಯಿ ಕಾಲದಲ್ಲಿ, ಮಾವಿನಕಾಯಿ ಚಟ್ನಿ ರುಬ್ಬುತ್ತಿದ್ದ ಹೊತ್ತಿನಲ್ಲಿ. ಮಾನ್ಯ ಫೋನ್ ಹಿಡಿದು ಕೋಣೆಯಿಂದ ಓಡಿ ಬಂದಳು. ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

"ಅಪ್ಪಾ! ಮಿಕ್ಸಿ ಆಫ್ ಮಾಡಿ!"

"ಇನ್ನೂ ತರಿತರಿ ಐತೆ ಇರವ್ವಾ!"

"ಅಪ್ಪಾ, ಬಂದಿದೆ! ನನ್ನ ಹೆಸರು ಬಂದಿದೆ!"

ಮಿಕ್ಸಿ ನಿಂತಿತು. ನೀಲಾಂಬಿಕೆ ಎಲ್ಲ ನಿಯಮ ಮುರಿದು ಮಂಚದಿಂದ ಹಾರಿ ಮಗಳನ್ನು ತಬ್ಬಿಕೊಂಡಳು. ಮಾನ್ಯ ಪಟ್ಟಿಯಲ್ಲಿ ತನ್ನ ಹೆಸರು ತೋರಿಸಿದಳು. ಅವಳ ಕೂದಲಲ್ಲಿ ಇನ್ನೂ ಬೆಳಗಿನ ಕೆರೆ ಏರಿಯ ಧೂಳಿತ್ತು. "ಹೆಡ್‌ಲೈಟ್ ಹಿಡಿದಿದ್ದು ನೀನಮ್ಮ," ಅಂದಳು ಮಾನ್ಯ ಅಮ್ಮನ ಕಿವಿಯಲ್ಲಿ. ನೀಲಾಂಬಿಕೆಗೆ ಅಷ್ಟು ಸಾಕಾಗಿತ್ತು. ಬ್ರಾಹ್ಮಿ ಗದ್ದಲ ಕೇಳಿ ಓಡಿ ಬಂದು, ವಿಷಯ ತಿಳಿದು, ಮಾನ್ಯಳ ಬಾಯಿಗೆ ಸಕ್ಕರೆ ಹಾಕಿ, "ನೀಲಕ್ಕ, ಅತಿಶಯ್ ಪರೀಕ್ಷೆ ಹತ್ರ ಬಂತು. ನಟರಾಜಣ್ಣನ್ನ ಒಂದು ವಾರ ಕಳಿಸಿ, ನಮ್ಮೋರಿಗೆ ಒಲೆ ಹಚ್ಚೋದು ಹೇಳ್ಕೊಡ್ಲಿ," ಅಂದಳು.

ನಟರಾಜ ಕಣ್ಣೊರೆಸಿಕೊಂಡ. ಹೆಗಲ ಟವೆಲು ತೆಗೆದು ಹೆಂಡತಿಯ ಕಡೆ ಚಾಚಿದ. "ಸದ್ಯ, ಪಟ್ಟಿ ಬಂತು. ತಗೋ ನೀಲಾ, ಇನ್ನು ಮುಗೀತು."

"ಏನ್ಲಾ ಮುಗ್ದಿದ್ದು?" ಅಂದರು ದಾಕ್ಷಾಯಣಮ್ಮ, ಬಲಗಾಲು ಚಾಚಿ. "ಸೇರೋ ಕಾಗ್ದ ಬಂದಿಲ್ಲ. ಮಗೀಗೆ ಅಲ್ಲಿ ಮೂರು ವರ್ಷ ಓದು. ಅದಾದ ಮೇಲೆ ಇನ್ನೊಂದು ವರ್ಷ ತರಬೇತಿ. ಈಗ ಹೇಳು, ಅವಳ ಹೆಸರು ಬಂದಾಗ ಮಿಕ್ಸಿ ಗುಂಡಿ ಮೇಲೆ ಯಾರ ಕೈಯಿತ್ತು?"

ನಟರಾಜ ತನ್ನ ಬಲಗೈಯನ್ನು, ಅದು ಬೇರೆ ಯಾರದೋ ಎನ್ನುವ ಹಾಗೆ ನೋಡಿಕೊಂಡ.

ನೀಲಾಂಬಿಕೆ ನಿಧಾನವಾಗಿ ಮಂಚಕ್ಕೆ ವಾಪಸು ಹೋಗಿ, ದಿಂಬು ಸರಿಮಾಡಿಕೊಂಡು, ಕಾಲು ಮೇಲಿಟ್ಟುಕೊಂಡಳು.

"ಉಪ್ಪು ಮಾತ್ರ ಇನ್ನೊಂಚೂರು ಹಾಕ್ರೀ," ಅಂದಳು. "ಅದಕ್ಕೆ ದೋಷ ಇಲ್ಲ."