ಯಂತ್ರದ ಸದ್ದಿನಡಿ ಹಾಡಿದವಳು

ಲಿಲಿಯಾನ್ ವೆಬರ್ ಮೊದಲು ಹಾಡಿದ್ದು ಫ್ರಾನ್ಸಿನ ಮುಲೂಸ್ ಪಟ್ಟಣದಲ್ಲಿ, ತಾಯಿ ನಡೆಸುತ್ತಿದ್ದ ಹೆಂಗಸರ ಸಲೂನಿನಲ್ಲಿ. ಕೂದಲು ಒಣಗಿಸುವ ಮೂರು ಯಂತ್ರಗಳು ಒಟ್ಟಿಗೆ ಗುಂಯ್‌ಗುಡುವಾಗ ಹುಡುಗಿ ನೆಲ ಗುಡಿಸುತ್ತ ತಾನೇ ಕಟ್ಟಿದ ಸಾಲುಗಳನ್ನು ಹಾಡುತ್ತಿದ್ದಳು. ಯಂತ್ರ ನಿಂತರೆ ಬಾಯಿಯೂ ನಿಲ್ಲುತ್ತಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಕೆಫೆಯಲ್ಲಿ ಹಾಡಲು ಒಪ್ಪಿದಳು. ಗಿಟಾರ್ ಮೀಟಿದ ಕೂಡಲೇ ಜನ ಮರ್ಯಾದೆಯಿಂದ ಸುಮ್ಮನಾದರು. ಆ ಮೌನ ಅವಳಿಗೆ ತಡೆಯಲಾಗಲಿಲ್ಲ. ಎದ್ದು, ಕೋಟು ಹಾಕಿಕೊಂಡು ಹೊರಟುಹೋದಳು.

2014ರಲ್ಲಿ ಗೆಳೆಯನೊಬ್ಬನ ಹಿಂದೆ ಜರ್ಮನ್ ಪಟ್ಟಣ ಎರ್ಲಾಂಗೆನ್‌ಗೆ ಬಂದಳು. ಎರಡನೇ ಚಳಿಗಾಲಕ್ಕೆ ಗೆಳೆಯ ಬೇರೆ ಊರು ಹಿಡಿದ. ಅವಳಿಗೆ ಉಳಿದದ್ದು ಎಂಜಿನಿಯರುಗಳಿಗೆ ಸಂಜೆ ಫ್ರೆಂಚ್ ಕಲಿಸುವ ಕೆಲಸ, ಒಂದು ಸೈಕಲ್, ಮೂರನೇ ಮಹಡಿಯ ತೆಳುಗೋಡೆಯ ಕೋಣೆ. ಹಾಡುತ್ತಿದ್ದುದು ನೆಲಮಾಳಿಗೆಯ ವಾಶ್‌ಕ್ಯೂಷೆಯಲ್ಲಿ, ಎಂದರೆ ಇಡೀ ಕಟ್ಟಡಕ್ಕೆ ಸೇರಿದ ಬಟ್ಟೆ ಒಗೆಯುವ ಕೋಣೆಯಲ್ಲಿ, ಯಂತ್ರ ಓಡುವಾಗ ಮಾತ್ರ. ಅಲ್ಲಿ ಮನೆಗೊಂದು ಸರದಿ. ಅವಳದು ಮಂಗಳವಾರ ಎರಡರಿಂದ ನಾಲ್ಕು. ನಾಲ್ಕು ವರ್ಷದಲ್ಲಿ ಮೂವತ್ತೊಂದು ಹಾಡು ಕಟ್ಟಿದಳು. ಮೌನದಲ್ಲಿ, ಒಬ್ಬರ ಮುಂದಾದರೂ, ಒಂದೇ ಒಂದು ಹಾಡು ಮುಗಿಸಬೇಕು, ಬೇಕಾಗಿದ್ದುದು ಅಷ್ಟೇ.

ನಾಲ್ಕರ ನಂತರದ ಸರದಿ ಅದೇ ಕಟ್ಟಡದಲ್ಲಿದ್ದ ಉಡುಪಿ ಕಡೆಯ ರೆಬೆಕಾಳದು. ಅವಳ ಗಂಡ, ಮೈಸೂರಿನ ಯತಿರಾಜ್, ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿಯ ಮೇಲೆ ಬಂದ ಎಂಜಿನಿಯರ್. ಒಂದು ದಿನ ಬೇಗ ಇಳಿದು ಬಂದ ರೆಬೆಕಾ ಬಾಗಿಲಾಚೆಯ ಹಾಡು ಕೇಳಿ ಮೆಟ್ಟಿಲ ಮೇಲೆ ಕುಳಿತಳು. ಅಂದಿನಿಂದ ಮೂರಕ್ಕೇ ಬುಟ್ಟಿ ಹಿಡಿದು ಇಳಿಯುವಳು, ನಾಲ್ಕೂವರೆಗೆ ಬಾಗಿಲು ತಟ್ಟುವಳು. ನಾಲ್ಕಾದರೂ ಯಾರೂ ಬರಲಿಲ್ಲವೆಂದು ಲಿಲಿಯಾನ್ ಯಂತ್ರವನ್ನು ಇನ್ನೊಮ್ಮೆ ಓಡಿಸುವಳು.

"ಏನೇ, ಮೂರಕ್ಕೆ ಹೋದೋಳು ಆರಕ್ಕೆ ಬರ್ತೀಯ. ವಾಶ್‌ಕ್ಯೂಷೇಲಿ ಇನ್ನೊಂದು ಸಂಸಾರ ಇಟ್ಟಿದೀಯಾ?" ಎಂದು ಯತಿರಾಜ್ ಕೆಣಕಿದ.

"ಹೌದು ಮಾರಾಯ. ಅಲ್ಲಿ ಫ್ರೀ ಕಾನ್ಸರ್ಟ್ ಉಂಟು. ನಿನ್ನನ್ನು ಕರ್ಕೊಂಡು ಹೋದ್ರೆ ನೀನು ಹಾಡುವವಳಿಗೆ ಥ್ಯಾಂಕ್ಸ್ ಹೇಳಿ ಎಲ್ಲ ಹಾಳು ಮಾಡ್ತಿ."

2018ರ ನವೆಂಬರಿನಲ್ಲಿ ಒಂದು ಮಂಗಳವಾರ ಯಂತ್ರ ನಡುವೆ ಕೆಟ್ಟು ನಿಂತಿತು. ಹಾಡೂ ಎತ್ತರದ ಸ್ವರವೊಂದರಲ್ಲಿ ಕಡಿಯಿತು. ರೆಬೆಕಾ ಬೆಳೆದ ಚರ್ಚಿನ ಗಾಯನ ತಂಡದಲ್ಲಿ ಒಂದು ಕಟ್ಟಳೆಯಿತ್ತು: ಒಬ್ಬರ ದನಿ ನಿಂತರೆ ಪಕ್ಕದವರು ಆ ಸ್ವರ ಹಿಡಿಯಬೇಕು, ಹಾಡು ಕೆಳಗೆ ಬೀಳಬಾರದು. ಯೋಚಿಸುವ ಮೊದಲೇ ಅವಳು ಮೆಟ್ಟಿಲ ಮೇಲಿಂದ ಸ್ವರ ಹಿಡಿದಳು. ಉಸಿರು ಮುಗಿಯುವಷ್ಟರಲ್ಲಿ ಒಳಗಿನಿಂದ ಮುಂದಿನ ಸಾಲು ಬಂತು. ಹಾಡು ಪೂರ್ತಿಯಾಯಿತು. ಆಮೇಲೆ ಬಾಗಿಲು ತೆರೆಯಿತು.

"ಎಷ್ಟು ದಿನದಿಂದ ಕೇಳ್ತಿದೀಯ?"

"ಒಂದೂವರೆ ವರ್ಷ."

"ನಿನಗೆ ಟೈಮ್ ನೋಡೋಕೇ ಬರಲ್ಲ ಅಂದುಕೊಂಡಿದ್ದೆ."

"ಇಂಡಿಯನ್ಸ್ ತಡ ಮಾಡಿದ್ರೆ ಯಾರಿಗೂ ಡೌಟ್ ಬರೂದಿಲ್ಲ," ಎಂದಳು ರೆಬೆಕಾ.

ಆ ಚಳಿಗಾಲವಿಡೀ ಇಬ್ಬರೂ ಯಂತ್ರ ಆರಿಸಿಟ್ಟು ಹಾಡಿದರು. ಆ ಎತ್ತರದ ಸ್ವರ ಬಂದಾಗಲೆಲ್ಲ ಲಿಲಿಯಾನ್ ದನಿ ನಿಲ್ಲಿಸುವಳು, ರೆಬೆಕಾ ಹಿಡಿಯುವಳು. ಮೇ ತಿಂಗಳಿಗೆ ಗ್ರಂಥಾಲಯದ ಸಣ್ಣ ಕೋಣೆಯಲ್ಲಿ ಹಾಡಿನ ಕಾರ್ಯಕ್ರಮ ನಿಗದಿಯಾಯಿತು. ಏಪ್ರಿಲಿನಲ್ಲಿ ಯತಿರಾಜ್‌ಗೆ ದೂರದ ಫೊಯರ್‌ಬಾಕ್‌ನಲ್ಲಿ ಕೆಲಸ ಸಿಕ್ಕಿತು. "ಕಾರ್ಯಕ್ರಮಕ್ಕೆ ನಾನು ಬಂದೇ ಬರ್ತೇನೆ," ಎಂದು ಹೇಳಿ ರೆಬೆಕಾ ಮನೆ ಖಾಲಿ ಮಾಡಿದಳು. ಕಾರ್ಯಕ್ರಮದ ದಿನ ಅವಳ ರೈಲು ರದ್ದಾಯಿತು. ಸಂದೇಶ ಬಂದಾಗ ಲಿಲಿಯಾನ್ ಹನ್ನೊಂದು ಜನರ ಮುಂದೆ ಕುಳಿತಿದ್ದಳು. ಕೋಟು ಕುರ್ಚಿಯ ಬೆನ್ನಿಗಿತ್ತು.

ಅವಳು ಯಂತ್ರ ಕೆಟ್ಟ ದಿನದ ಆ ಹಾಡನ್ನೇ ಎತ್ತಿಕೊಂಡಳು. ಎತ್ತರದ ಸ್ವರದಲ್ಲಿ ಅಭ್ಯಾಸದಂತೆ ದನಿ ನಿಲ್ಲಿಸಿದಳು. ಯಾರೂ ಹಿಡಿಯಲಿಲ್ಲ. ರೆಬೆಕಾಳ ಒಂದು ಉಸಿರಿನಷ್ಟು ಹೊತ್ತು ಆ ಮೌನದಲ್ಲಿ ಕುಳಿತು, ಮುಂದಿನ ಸಾಲು ಹಾಡಿದಳು.

ಈಗಲೂ ಆ ಹಾಡಿನಲ್ಲಿ ಆ ಜಾಗ ಖಾಲಿಯಿದೆ. ಹೊಸಬರು ಹಾಡು ಮುಗಿಯಿತೆಂದು ಅಲ್ಲಿ ಚಪ್ಪಾಳೆ ತಟ್ಟುತ್ತಾರೆ. ಅದು ನಿಲ್ಲುವವರೆಗೆ ಲಿಲಿಯಾನ್ ಕಾಯುತ್ತಾಳೆ.