‘ಆತು’ ಅಂದ ಮೇಲೆ

ಇದರಲ್ಲಿ ಕೆಲವು ತಪ್ಪು ನೆನಪುಗಳು ಇರಬಹುದು. ಅವ್ವನ ಮಂಚ ಕಿಟಕಿಯ ಕಡೆಗಿತ್ತೋ ಗೋಡೆಯ ಕಡೆಗೋ, ಖಾತ್ರಿಯಿಲ್ಲ. ಕಾಕಾ ಅಂದ ಒಂದು ಮಾತು ಮಾತ್ರ ಖಾತ್ರಿ ಎಂದು ಬಹಳ ದಿನ ನಂಬಿದ್ದೆ. ಅದನ್ನೂ ಎಷ್ಟು ಸಲ ಮುಟ್ಟಿ ನೋಡಿಕೊಂಡಿದ್ದೇನೆಂದರೆ, ಈಗ ಉಳಿದದ್ದು ಮಾತೋ ನನ್ನ ಬೆರಳಿನ ಗುರುತೋ ತಿಳಿಯದು.

ಸುರಪುರದ ಮನೆಯಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು. ಅವಳ ದನಿ ಉಳಿಯಲಿ ಎಂದು ಫೋನಿನಲ್ಲಿ ರೆಕಾರ್ಡ್ ಹಾಕಿ ದಿಂಬಿನ ಪಕ್ಕ ಇಟ್ಟಿದ್ದೆ. ನನ್ನ ಫೋನು ತುಂಬಿತ್ತು. ರೆಕಾರ್ಡ್ ಇಳಿಯುತ್ತಿದ್ದದ್ದು ಕಾಕಾನಿಂದ ಕೇಳಿ ತಂದು ಅದಕ್ಕೆ ಹಾಕಿದ್ದ ಮೆಮರಿ ಕಾರ್ಡಿಗೆ. ಕಾಕಾ ಅಪ್ಪನ ತಮ್ಮ. ಅಪ್ಪ ಹೋದ ಮೇಲೆ ಮನೆಗೆ ಅವನೇ ಹಿರಿಯ. ಬಂದು ಅವ್ವನ ಕಾಲ ಬಳಿ ಕೂತ.

“ನಾ ಹ್ವಾದ್ರ ನಿಮ್ಮಣ್ಣನ ಬಾಜೂಕ ಇಡ್ರಿ. ಕಕ್ಕೇರಾ ಹೊಲದಾಗ,” ಎಂದಳು ಅವ್ವ.

“ಆತು ವೈನಿ. ಅದಕ್ಯಾಕ ಇಷ್ಟ ಹೇಳ್ತಿ.”

“ನಿನ್ನ ಆತು ನನಗ ಗೊತ್ತದ. ನನ್ನ ಲಗ್ನದಾಗ ಗುಲ್ಬರ್ಗಾದಿಂದ ಮಲ್ಲಿಗಿ ತರ್ತೀನಿ, ಆತು ಅಂದಿದ್ದಿ. ಇನ್ನಾ ದಾರಿ ನೋಡಾಕತ್ತೀನಿ.”

ಇಬ್ಬರೂ ನಕ್ಕರು. ನಗುತ್ತಲೇ ಅವ್ವನಿಗೆ ಕೆಮ್ಮು ಬಂತು.

ನಮ್ಮ ಕಡೆ ‘ಆತು’ ಎಂದರೆ ಕೆಲಸ ಮುಗಿದಿದೆ ಎಂದೂ ಆಗುತ್ತದೆ, ನೀನು ಹೇಳಿದ್ದು ಕೇಳಿಸಿತು, ಇನ್ನು ಸುಮ್ಮನಿರು ಎಂದೂ ಆಗುತ್ತದೆ. ಯಾದಗಿರಿಯ ಕಾಲೇಜಿನಲ್ಲಿ ನಾನು ಆಪರೇಟಿಂಗ್ ಸಿಸ್ಟಮ್ ಪಾಠ ಹೇಳುತ್ತೇನೆ. ಅದರ ತಿರುಳಾದ ಕರ್ನಲ್ಲೂ ಹೀಗೇ. ಈ ಫೈಲನ್ನು ಬರೆ ಎಂದರೆ ತಕ್ಷಣ ಡಿಸ್ಕಿಗೆ ಬರೆಯುವುದಿಲ್ಲ, ಏಕೆಂದರೆ ಡಿಸ್ಕು ನಿಧಾನ. ಕರೆಂಟು ಇರುವ ತನಕ ಮಾತ್ರ ನೆನಪಿಡುವ ಮೆಮರಿಯ ಪುಟಗಳಲ್ಲಿ ಇಟ್ಟುಕೊಂಡು, ಇವು ಇನ್ನೂ ಡಿಸ್ಕು ಮುಟ್ಟಿಲ್ಲ ಎಂದು ತನ್ನಷ್ಟಕ್ಕೆ ಗುರುತು ಹಾಕಿಕೊಂಡು, ಕೇಳಿದವರಿಗೆ ಆಗಲೇ ‘ಆತು’ ಅಂದುಬಿಡುತ್ತದೆ. ಆ ಪುಟಗಳು ಹಳತಾದಾಗಲೋ ಜಾಗ ಸಾಲದಾದಾಗಲೋ ಹಿಂದಿನಿಂದ ಒಂದೊಂದೇ ಡಿಸ್ಕಿಗೆ ಇಳಿಸುತ್ತದೆ. ಅಷ್ಟರೊಳಗೆ ಕರೆಂಟು ಹೋದರೆ ಹೋಯಿತು.

“ಮೇಡಂ, ಹಂಗಾದ್ರ ಕರ್ನಲ್ ನಮ್ಮ ಮಾವ ಇದ್ದಂಗ ಅದ ಬಿಡ್ರಿ,” ಎಂದಿದ್ದಳು ಶಹಾಪುರದಿಂದ ಬರುವ ವಿದ್ಯಾರ್ಥಿನಿಯೊಬ್ಬಳು. “ಮೊಬೈಲ್ ಕೊಡಸ್ತೀನಿ, ಆತು ಅಂದು ಎಷ್ಟ ದೀಪಾವಳಿ ಆದ್ವು.” ಕ್ಲಾಸೆಲ್ಲ ನಕ್ಕಿತ್ತು. ನಾನೂ ನಕ್ಕಿದ್ದೆ.

ಮರುದಿನ ಆ ರೆಕಾರ್ಡನ್ನು ಪಡಸಾಲೆಯ ಕಂಪ್ಯೂಟರಿಗೆ ಹಾಕಿಕೊಳ್ಳುತ್ತಿದ್ದೆ. ಪರದೆಯ ಮೇಲಿನ ಪಟ್ಟಿ ಕೊನೆ ಮುಟ್ಟಿತು. ಕಾಕಾ ಹಿಂದೆ ನಿಂತಿದ್ದ. “ಆತಲ್ಲ?” ಎಂದ. ಆತು ಎಂದು ನಾನು ಹೇಳಿದೆನೋ, ಪರದೆ ನೋಡಿ ಅವನೇ ಅಂದುಕೊಂಡನೋ. ಕಂಪ್ಯೂಟರಿಗೆ ಸಿಕ್ಕಿಸಿದ್ದ ತನ್ನ ಕಾರ್ಡು ಕಿತ್ತುಕೊಂಡು ತನ್ನ ಫೋನಿಗೆ ಹಾಕಿದ. ಫೋನು ಏನೋ ಕೇಳಿತು, ಓದದೆ ಒತ್ತಿದ, ಕಾರ್ಡಿನಲ್ಲಿದ್ದದ್ದೆಲ್ಲ ಸಾಫ್. “ಫ್ಯಾನ್ ಹಚ್ಚಾವ ಬಂದಾನ,” ಎನ್ನುತ್ತ ಹೋಗಿ ಮೇನ್ ಸ್ವಿಚ್ ಇಳಿಸಿದ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಸಂಜೆ ಕಂಪ್ಯೂಟರ್ ಹಚ್ಚಿದಾಗ ಫೈಲಿನ ಹೆಸರು ಇತ್ತು. ಅವ್ವನಿಗೆ ಗಂಜಿ ಕುಡಿಸುವ ಹೊತ್ತು, ತೆರೆದು ಕೇಳಲಿಲ್ಲ.

ಅವ್ವ ಹೋದ ಬೆಳಿಗ್ಗೆ ಅಂಗಳದಲ್ಲಿ ಹಿರಿಯರು ಕೂತಿದ್ದರು. ಊರ ರುದ್ರಭೂಮಿಯಲ್ಲೇ ಮಣ್ಣು ಮಾಡೋಣ ಎಂದ ಕಾಕಾ. “ಹೊಲದಾಗ ನೆಲ್ಲ ಹಚ್ಯಾರ, ಮೊಣಕಾಲ ತನಕ ನೀರ ಅದ. ಹೊತಗೊಂಡ ಹೆಂಗ ಹೋಗ್ತೀರಿ?” ಅದು ಸುಳ್ಳಲ್ಲ, ಕಾಲುವೆಗೆ ನೀರು ಬಿಟ್ಟಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆನೇನೋ. ಅವ್ವ ಕೇಳಿಕೊಂಡದ್ದನ್ನು ನಾನು ಎತ್ತಿದೆ. ಎಲ್ಲರ ಎದುರು ಅವನೆಂದ: “ವೈನಿ ನನ್ನ ಮುಂದ ಹಂಗೇನೂ ಅಂದಿಲ್ಲ.”

“ರೆಕಾರ್ಡ್ ಅದ. ಕೇಳಸ್ತೀನಿ ಬರ್ರಿ,” ಎಂದೆ.

ಇಬ್ಬರು ಹಿರಿಯರು ಎದ್ದು ಬಂದು ಬಾಗಿಲಲ್ಲಿ ನಿಂತರು. ಫೈಲು ಇತ್ತು. ನಾನಿಟ್ಟ ಹೆಸರೇ, ‘ಅವ್ವ’. ಗಾತ್ರ ಸೊನ್ನೆ. ಕರ್ನಲ್ಲು ಹೆಸರನ್ನು ಡಿಸ್ಕಿಗೆ ಮುಟ್ಟಿಸಿತ್ತು, ದನಿ ಇನ್ನೂ ಮೆಮರಿಯಲ್ಲೇ ಇದ್ದಾಗ ಸ್ವಿಚ್ ಇಳಿದಿತ್ತು.

“ಕಂಪ್ಯೂಟರ್ ಕಲಿಸಾಕಿ ಮನ್ಯಾಗಿನ ಕಂಪ್ಯೂಟರೇ ಮೂಕ ಅದ ನೋಡ್ರಿ,” ಎಂದ ಒಬ್ಬ, ಮೆಲ್ಲಗೆ. ಹೊರಗೆ ಆಗಲೇ ವಿಭೂತಿ ಕೇಳುತ್ತಿದ್ದರು.

ಅವ್ವ ಸುರಪುರದಲ್ಲಿದ್ದಾಳೆ. ಅಪ್ಪ ಕಕ್ಕೇರಾದಲ್ಲಿ, ನೆಲ್ಲಿನ ನೀರಿನ ನಡುವೆ.

ಕಾಕಾ ಬೇಕೆಂದೇ ಸ್ವಿಚ್ ಇಳಿಸಿದ ಎನ್ನಲಾರೆ. ಕರ್ನಲ್ಲು ಹೀಗೆ ತಡಮಾಡುತ್ತದೆಂದು ಅವನಿಗೆ ಹೇಗೆ ಗೊತ್ತು? ಆದರೆ ಅವ್ವನ ಕಾಲ ಬಳಿ ಕೂತು ಅಂದ ಆ ‘ಆತು’ ಅವನ ಬಾಯಿಂದ ಬಂದದ್ದೇ ಹೌದೇ, ಮಲ್ಲಿಗೆಯ ಮಾತಿಗೆ ಹೊಂದಲೆಂದು ನಾನೇ ಆಮೇಲೆ ಸೇರಿಸಿಕೊಂಡೆನೇ? ಅವನನ್ನು ಬಿಟ್ಟರೆ ಹೇಳುವವರು ಯಾರೂ ಉಳಿದಿಲ್ಲ.

ಕ್ಲಾಸಿನಲ್ಲಿ ಈಗ ‘ಎಫ್‌ಸಿಂಕ್’ ಎಂಬ ಕರೆಯನ್ನು ಎರಡೆರಡು ಸಲ ಹೇಳುತ್ತೇನೆ. ಬರೆದದ್ದು ಡಿಸ್ಕು ಮುಟ್ಟುವ ತನಕ ಕರ್ನಲ್ಲು ಅದಕ್ಕೆ ಉತ್ತರ ಕೊಡುವುದಿಲ್ಲ. ಕೇಳಿದವರು ಅಲ್ಲೇ ನಿಂತಿರಬೇಕು.

ಹೋದ ಅಮಾವಾಸ್ಯೆಗೆ ಕಾಕಾ ಅಬ್ಬೆತುಮಕೂರಿನ ಮಠಕ್ಕೆ ಹೋದವನು ಯಾದಗಿರಿಯ ನನ್ನ ಬಾಡಿಗೆ ಮನೆಗೂ ಬಂದ. ಅವನು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದಾಗ ಕೇಳಿದೆ. ಚಹಾ ಪೂರ್ತಿ ಕುಡಿದ. “ಬಸ್ಸಿಗಿ ಹೊತ್ತಾತು,” ಎಂದು ಎದ್ದು ಹೋದ. ನಾನು ಕೇಳಿದ್ದು ಇಷ್ಟೇ:

“ಕಾಕಾ, ಅವತ್ತ ಅವ್ವಗ ನೀ ಆತು ಅಂದಿದ್ದಿ, ಹೌದಲ್ಲ?”