ಕರೆಂಟು ಉಳಿಸಲು ಹೊರಟ ಗುಣಪಾಲ

ಗುಣಪಾಲನ ಕೆಲಸ ಚೆನ್ನಾಗಿ ನಡೆದ ದಿನ ಊರಲ್ಲಿ ಏನೂ ನಡೆಯುವುದಿಲ್ಲ. ಬಲ್ಬು ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಅವನನ್ನು ಯಾರೂ ನೆನೆಯುವುದಿಲ್ಲ. ಕರೆಂಟು ಹೋಯಿತೋ, ಕಾಪುವಿನ ಸಬ್‌ಸ್ಟೇಷನ್ನಿನಲ್ಲಿ ಕೂತ ಈ ಆಪರೇಟರನ ಜಾತಕವನ್ನೇ ಜನ ಜಾಲಾಡುತ್ತಾರೆ. "ನಂದಿಕೂರಿನ ಕರೆಂಟು ಫ್ಯಾಕ್ಟರಿಯ ಚಿಮಣಿ ನಮ್ಮ ಅಂಗಳಕ್ಕೆ ಕಾಣ್ತದೆ, ಬಲ್ಬು ಮಾತ್ರ ಕಾಣುದಿಲ್ಲ. ಇದೆಂತ ನ್ಯಾಯ ಮಾರಾಯ್ರೆ?" ಎಂದು ನೆರೆಮನೆಯ ಸುಂದರ ಕೇಳುತ್ತಲೇ ಇರುತ್ತಾನೆ, ಗುಣಪಾಲನೇ ಕರೆಂಟನ್ನು ಚೀಲದಲ್ಲಿ ತುಂಬಿ ಮನೆಗೆ ಒಯ್ದವನ ಹಾಗೆ.

ಕರೆಂಟಿನ ಸ್ವಭಾವ ಸುಂದರನಿಗೆ ಯಾರು ಹೇಳಬೇಕು? ಸೆಖೆಗಾಲದ ಸಂಜೆ ವೋಲ್ಟೇಜ್ ಇಳಿದರೆ ಪಂಪುಗಳು ಅದೇ ಕೆಲಸಕ್ಕೆ ಹೆಚ್ಚು ಕರೆಂಟು ಎಳೆಯುತ್ತವೆ. ಎಳೆದಷ್ಟೂ ವೋಲ್ಟೇಜ್ ಮತ್ತೆ ಇಳಿಯುತ್ತದೆ. ಹಾಗೇ ಬಿಟ್ಟರೆ ಕಾಪುವಿನಿಂದ ಕಾರ್ಕಳದವರೆಗೂ ಕತ್ತಲೆ. ಅದಕ್ಕೇ ಗುಣಪಾಲ ಮೊದಲು ಕೆಪಾಸಿಟರುಗಳನ್ನು ಸೇರಿಸಿ ವೋಲ್ಟೇಜನ್ನು ಎತ್ತಿ ಹಿಡಿಯುತ್ತಾನೆ. ಅದೂ ಸಾಲದಿದ್ದರೆ ಹೆಚ್ಚು ಎಳೆಯುವ ಲೈನೊಂದನ್ನು ಬಂದ್ ಮಾಡಿ ಉಳಿದವರನ್ನು ಉಳಿಸುತ್ತಾನೆ.

ಅವನದೊಂದು ದೌರ್ಬಲ್ಯವಿತ್ತು. ತನ್ನೂರಿನ ಲೈನು ಬಂದ್ ಮಾಡುವ ಮುಂಚೆ ಹೆಂಡತಿ ಗುಣವತಿಗೆ ಫೋನು ಮಾಡಿ "ವೋಲ್ಟೇಜ್ ಕಮ್ಮಿ ಉಂಟು" ಎನ್ನುತ್ತಿದ್ದ. ಅವಳು ಕೂಡಲೇ ಪಂಪು ಹಾಕಿ ಟ್ಯಾಂಕಿ ತುಂಬಿಸುತ್ತಿದ್ದಳು. ಪಕ್ಕದ ಅಮ್ಮಣ್ಣಿಗೂ ಒಂದು ಮಾತು ಹೇಳುತ್ತಿದ್ದಳು. ಅಮ್ಮಣ್ಣಿಗೆ ಹೇಳಿದ ಮೇಲೆ ಊರಿಗೆ ಬೇರೆ ಡಂಗುರ ಬೇಡ.

ಮಗಳು ಮಾನಸಳ ಮೆಹಂದಿಯ ಸಂಜೆಯೇ ಗುಣಪಾಲ ಡ್ಯೂಟಿಯಲ್ಲಿ ಸಿಕ್ಕಿಬಿದ್ದ. ಬದಲಿಗೆ ಬರಬೇಕಿದ್ದ ವಿಠಲನಿಗೆ ಜ್ವರ. ಅತ್ತ ಮನೆಯಂಗಳದಲ್ಲಿ ಶಾಮಿಯಾನ, ಬಣ್ಣದ ಬಲ್ಬು, ಡಿಜೆ, ನೂರಾರು ನೆಂಟರು. ಇತ್ತ ಮೀಟರಿನ ಮುಳ್ಳು ಜಾರುತ್ತಿತ್ತು. ಇದ್ದ ಕೆಪಾಸಿಟರುಗಳನ್ನೆಲ್ಲ ಸೇರಿಸಿದ. ಮುಳ್ಳು ಹೇಗೋ ನಿಂತಿತು. ಮಗಳ ಮೆಹಂದಿಗೆ ಕತ್ತಲೆ ಕವಿಯಬಾರದು, ಇವತ್ತೊಂದು ದಿನ ತನ್ನ ಮರ್ಯಾದೆ ಉಳಿಯಲಿ ಎಂದು ಕಂಡ ದೈವಗಳಿಗೆಲ್ಲ ಕೈಮುಗಿದ. ಯಾವುದಕ್ಕೂ ಇರಲಿ ಎಂದು ಮನೆಗೆ ಫೋನು ಮಾಡಿದ.

"ವೋಲ್ಟೇಜ್ ಕಮ್ಮಿ ಉಂಟು ಮಾರಾಯ್ತಿ. ಇವತ್ತು ಪಂಪು ಮಾತ್ರ ಹಾಕ್ಬೇಡ."

"ಆಯ್ತು, ಆಯ್ತು, ಗೊತ್ತಾಯ್ತು" ಎಂದಳು ಗುಣವತಿ.

ಅವಳಿಗೆ ಗೊತ್ತಾದದ್ದು ಇಷ್ಟು: ಗಂಡ ಬಾಯಿಬಿಟ್ಟು ಪಂಪು ಬೇಡ ಎನ್ನಬೇಕಾದರೆ ಕರೆಂಟು ಈಗಲೋ ಆಗಲೋ ಹೋಗುವುದು ಖಂಡಿತ. ಇಷ್ಟು ಜನ ಊಟ ಮಾಡಿ ಕೈ ತೊಳೆಯುವುದೆಲ್ಲಿ? ಪಂಪು ಹಾಕಿಯೇಬಿಟ್ಟಳು, ಅಮ್ಮಣ್ಣಿಗೂ ಹೇಳಿದಳು. ಅಮ್ಮಣ್ಣಿ ಬೀದಿಗೆಲ್ಲ ಹೇಳಿದಳು.

ಮೀಟರಿನ ಮುಂದೆ ಕೂತಿದ್ದ ಗುಣಪಾಲ ತನ್ನದೇ ಊರಿನ ಲೈನು ಗಬಗಬನೆ ಕರೆಂಟು ನುಂಗುವುದನ್ನು ಕಂಡ. ನಿಂತಿದ್ದ ಮುಳ್ಳು ಮತ್ತೆ ಕುಸಿಯತೊಡಗಿತು. ಮೇಲಿನವರ ಫೋನು ಬಂತು: "ಎಂತ ನೋಡ್ತಾ ಕೂತಿದ್ದೀರಿ? ಹೆಚ್ಚು ಎಳೆಯುವ ಲೈನು ತೆಗೀರಿ!" ಇನ್ನು ತಡಮಾಡಿದರೆ ಕಾರ್ಕಳದವರೆಗೂ ಕತ್ತಲೆ. ಮಗಳ ಮುಖ ಕಣ್ಣೆದುರು ಬಂತು. ತನ್ನೂರಿನ ಲೈನಿನ ಸ್ವಿಚ್ಚು ತಿರುಗಿಸಿದ.

ಸ್ವಲ್ಪ ಹೊತ್ತಿಗೆ ಸುಂದರನ ಫೋನು. ಬೈಗುಳಕ್ಕೆ ತಯಾರಾಗಿಯೇ ಗುಣಪಾಲ ಅದನ್ನು ಎತ್ತಿದ.

"ಗುಣಪಾಲಣ್ಣ, ನಿಮಗೆ ಪುಣ್ಯ ಬರಲಿ! ನೀವು ಮೊದಲೇ ಹೇಳಿದ್ದಕ್ಕೆ ಬೀದಿಯವರ ಟ್ಯಾಂಕಿ ಎಲ್ಲ ಭರ್ತಿ. ಮೆಹಂದಿ ಟಾರ್ಚಿನ ಬೆಳಕಲ್ಲಿ ನಡೀತಾ ಉಂಟು, ನೀವು ಮಂಡೆಬೆಚ್ಚ ಮಾಡ್ಬೇಡಿ. ಇನ್ನು ಮುಂದೆಯೂ ಹೀಗೇ ಹೇಳ್ತಾ ಇರಿ, ಆಯ್ತಾ?"

ಸರ್ವಿಸಿನಲ್ಲಿ ಗುಣಪಾಲನಿಗೆ ಸಿಕ್ಕಿದ ಮೊದಲ ಹೊಗಳಿಕೆ ಅದು. ಅವನು "ಆಯ್ತು" ಎಂದ.